ಹೆಬ್ಬೆರಳಿನ ಅಭ್ಯಾಸ

ಮನೆ, ಕಿಟಕಿ ಪಕ್ಕದ ಮೇಜು
ನವೆಂಬರ್ ಮೂರು, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೆವರುಗುಳ್ಳೆ ಆರಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಎಣ್ಣೆ ಕೈಯಲ್ಲೇ ಬಿಸ್ಕತ್ತು ತಿಂದು ಮಲಗುತ್ತಿದ್ದೀಯೋ? ನಿನ್ನಪ್ಪ ಚೆನ್ನಾಗಿದ್ದಾರೆ. ಮಂಡಿನೋವು ಅನ್ನುತ್ತಾರೆ, ಆದರೆ ಪೇಪರು ಬಿದ್ದ ಸದ್ದಾದರೆ ನನಗಿಂತ ಮೊದಲು ಬಾಗಿಲಲ್ಲಿರುತ್ತಾರೆ.

ಇನ್ನು ನನ್ನ ಗಂಟಲು. ಹೋದ ತಿಂಗಳು ಫೋನಿನಲ್ಲಿ "ಸ್ವಲ್ಪ ಕಟ್ಟಿದೆ ಅಷ್ಟೆ" ಅಂದಿದ್ದೆ. ಸುಳ್ಳು ಹೇಳಿದೆ, ತಪ್ಪಾಯಿತು. ಗಡ್ಡೆ ಇದೆ. ಈ ತಿಂಗಳ ಹದಿನೆಂಟಕ್ಕೆ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ, ಆದರೆ ಆಮೇಲೆ ಈ ಧ್ವನಿ ಇರುವುದಿಲ್ಲ. ಅಳು ಬಂದರೆ ಅತ್ತುಬಿಡು, ಕಾಗದ ಮಾತ್ರ ಪೂರ್ತಿ ಓದು. ನಾನೂ ಒಂದು ದಿನ ಅತ್ತೆ, ಮಾರನೆಯ ದಿನ ಕೆಲಸ ಹಿಡಿದೆ.

ಏನು ಕೆಲಸ ಅಂದರೆ, ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರಿದ್ದಾರೆ. ಅವರು ಮುನ್ನೂರು ವಾಕ್ಯಗಳ ಪಟ್ಟಿಯನ್ನೂ ಒಂದು ಹೆಡ್‌ಸೆಟ್ಟನ್ನೂ ಕೈಗಿಟ್ಟು, ಇವನ್ನೆಲ್ಲ ಓದಿ ರೆಕಾರ್ಡ್ ಮಾಡಿ ಎಂಟನೇ ತಾರೀಖು ಶನಿವಾರದೊಳಗೆ ಕಳಿಸಬೇಕು ಅಂದರು. ಅದರಿಂದ ನನ್ನದೇ ಥರದ ಒಂದು ಧ್ವನಿ ತಯಾರಾಗುತ್ತದಂತೆ. ಆಮೇಲೆ ನಾನು ಟೈಪ್ ಮಾಡಿದರೆ ಯಂತ್ರ ಆ ಧ್ವನಿಯಲ್ಲಿ ಮಾತಾಡುತ್ತದೆ. ಶನಿವಾರ ತಪ್ಪಿದರೆ ಬೇರೆ ಯಾರದೋ ಧ್ವನಿಯಲ್ಲಿ ನಿನ್ನಪ್ಪನನ್ನು ಬೈಯಬೇಕು. ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎಂದವಳು ನಾನು. ಮೈಕು ನನಗೇನು ಹೊಸದೇ ಎಂದುಕೊಂಡು ಜಂಬದಿಂದ ಮನೆಗೆ ಬಂದೆ.

ಬಂದು ಹೆಡ್‌ಸೆಟ್ಟಿನ ಯುಎಸ್‌ಬಿ ಪಿನ್ನನ್ನು ಕಂಪ್ಯೂಟರಿಗೆ ಚುಚ್ಚಿದರೆ, ಅದು ಜಪ್ಪಯ್ಯ ಅನ್ನಲಿಲ್ಲ. ಹೊಸದೇನಾದರೂ ಚುಚ್ಚಿದರೆ "ಟಿಣ್" ಅನ್ನಬೇಕಲ್ಲ, ಅದೂ ಇಲ್ಲ. ಕಿತ್ತು ಚುಚ್ಚಿದೆ, ಊದಿ ಚುಚ್ಚಿದೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ನಿನ್ನಪ್ಪ ಹಿಂದೆ ನಿಂತು "ಕೆಟ್ಟೋಗಿದೆ ಕಣೇ, ಹೊಸದು ತಂದ್ಬಿಡೋಣ" ಎಂದರು. ಅವರಿಗೆ ಕೊಡೆಯ ಕಡ್ಡಿ ಮುರಿದರೂ ಹೊಸ ಕೊಡೆಯೇ ಬೇಕು. ನನಗೂ ಹಠ ಬಂತು. ಯಾವ ಬಸ್ಸು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಬೇಕಾದರೆ ಒಂದೊಂದೇ ನಿಲ್ದಾಣಕ್ಕೆ ಫೋನು ಹಚ್ಚಿ ಕೇಳುತ್ತಿದ್ದೆವಲ್ಲ, ಹಾಗೇ ಕೇಳುತ್ತಾ ಹೋಗುವುದೆಂದು ತೀರ್ಮಾನಿಸಿದೆ.

ಮೊದಲು ಮಹಡಿಯ ಮನೆಯ ಟೈಲರಮ್ಮನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದೆ. ಅಲ್ಲಿ ತಕ್ಷಣ "ಟಿಣ್" ಅಂತು. ಅಂದರೆ ಹೆಡ್‌ಸೆಟ್ಟಿನ ತಪ್ಪಲ್ಲ. ಅಲ್ಲೇ ರೆಕಾರ್ಡ್ ಮಾಡೋಣವೆಂದರೆ ಆಕೆಯ ಹೊಲಿಗೆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚುವುದಿಲ್ಲ. ಕೆಳಗೆ ಬಂದು ನಮ್ಮ ಕಂಪ್ಯೂಟರಿನ ಡಬ್ಬವನ್ನು ಗೋಡೆಯಿಂದ ಎಳೆದೆ. ಹಿಂದೆ ಬೆರಳುದ್ದ ಧೂಳು, ಅದರೊಳಗೆ ಕಳೆದುಹೋಗಿದ್ದ ನಿನ್ನ ರಬ್ಬರು. ಹಿಂಬದಿಯ ತೂತಿಗೆ ಚುಚ್ಚಿದೆ ನೋಡು, "ಟಿಣ್"! ಮುಂದಿನ ತೂತು ಸತ್ತು ಎಷ್ಟು ಕಾಲವಾಗಿತ್ತೋ, ನಾನು ಅದಕ್ಕೆ ಎರಡು ದಿನ ಸೇವೆ ಮಾಡುತ್ತಿದ್ದೆ.

ಅಲ್ಲಿಗೂ ಮುಗಿಯಲಿಲ್ಲ. ಕಿವಿಯಲ್ಲಿ ಹಾಡು ಕೇಳಿಸಿತು, ನನ್ನ ಮಾತು ಒಳಗೆ ಹೋಗಲಿಲ್ಲ. ಮೇಡಂಗೆ ಫೋನು ಮಾಡಿದೆ. ಸೌಂಡ್ ಸೆಟ್ಟಿಂಗಿನಲ್ಲಿ ಯಾವ ಮೈಕು ಆಯ್ಕೆಯಾಗಿದೆ ನೋಡಿ ಅಂದರು. ನೋಡಿದರೆ ನೀನು ಎಂದೋ ಹಾಕಿದ್ದ ಹಳೆಯ ಕ್ಯಾಮೆರಾದ ಹೆಸರು ಅಲ್ಲಿ ಯಜಮಾನನ ಹಾಗೆ ಕೂತಿದೆ. ಅದನ್ನು ಎಬ್ಬಿಸಿ ಹೆಡ್‌ಸೆಟ್ಟನ್ನು ಕೂರಿಸಿದೆ. ರೆಕಾರ್ಡ್ ಮಾಡುವ ಪ್ರೋಗ್ರಾಮಿಗೆ ಮೈಕು ಬಳಸಲು ಅನುಮತಿ ಇರಲಿಲ್ಲ, ಅದನ್ನೂ ಕೊಟ್ಟೆ. ಮಾತಾಡಿದರೆ ಪರದೆಯ ಮೇಲೆ ಹಸಿರು ಗೆರೆ ಕುಣಿಯಬೇಕಂತೆ. ನಾನು ಗಂಟಲು ಸರಿಮಾಡಿಕೊಂಡು "ನನಗೆ ನೀರು ಬೇಕು" ಎಂದೆ. ಗೆರೆ ಮಿಸುಕಲಿಲ್ಲ. ಗೋಗರೆದೆ, ಗದರಿದೆ, ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದೆ. ಡಾಕ್ಟರು ಕೂಗಬೇಡಿ ಎಂದಿರುವುದು ಆಮೇಲೆ ನೆನಪಾಗಿ ಹೆದರಿಕೆಯಾಯಿತು. ಇಷ್ಟು ದಿನ ಇಡೀ ನಿಲ್ದಾಣ ಕೇಳಿದ ಧ್ವನಿ ಇನ್ನು ಹದಿನೈದು ದಿನಕ್ಕೆ ಇಲ್ಲ, ಈ ಡಬ್ಬ ಈಗಲೇ ಅದು ಇಲ್ಲವೆನ್ನುತ್ತಿದೆಯಲ್ಲ ಅನ್ನಿಸಿತು. ಆದರೂ ಎದ್ದು ಹೋಗಲಿಲ್ಲ.

ಆಗ ನನ್ನ ಕೈ ಕಣ್ಣಿಗೆ ಬಿತ್ತು. ಹೆಡ್‌ಸೆಟ್ಟಿನ ವೈರಿನ ನಡುವೆ ಬೆರಳಗಲದ ಒಂದು ಸ್ವಿಚ್ಚಿದೆ. ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಅದನ್ನು ಕೆಳಕ್ಕೆ ತಳ್ಳಿ, ಏನೂ ತಿಳಿಯದಂತೆ ಅದರ ಮೇಲೇ ಮಲಗಿತ್ತು. ನಾನೇ ಮೈಕು ಆಫ್ ಮಾಡಿಕೊಂಡು ನಾನೇ ಕೂಗುತ್ತಿದ್ದೆ! ಆನ್ ಮಾಡಿ ಒಂದು ವಾಕ್ಯ ಓದುತ್ತೇನೆ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೆಬ್ಬೆರಳು ಮತ್ತೆ ಆಫ್ ಮಾಡಿರುತ್ತದೆ. ಈ ಅಭ್ಯಾಸ ಎಲ್ಲಿಂದ ಬಂತೆಂದು ನಿನಗೆ ಗೊತ್ತು. ನಿನಗಾಗ ಎಂಟು ವರ್ಷ. ಸ್ಕೂಲು ಬಿಟ್ಟು ನನ್ನ ಗೂಡಿನ ಮುಂದೆ ಆಡುತ್ತಿದ್ದೆ. ನಾನು ಮೈಕು ಆರಿಸುವುದನ್ನು ಮರೆತು "ಏ ಬಟಾಣಿ, ಚಡ್ಡಿ ಮೇಲಕ್ಕೆತ್ಕೊಳ್ಳೇ!" ಎಂದುಬಿಟ್ಟೆ. ಹನ್ನೆರಡು ಪ್ಲಾಟ್‌ಫಾರ್ಮಿನ ಜನ ಘೊಳ್ಳೆಂದರು. ನೀನು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟೆ. ಮೈಕಿನ ಮುಂದೆ ಇನ್ನೆಂದೂ ನನ್ನನ್ನು ಬಟಾಣಿ ಅನ್ನಕೂಡದು ಎಂದು ಆಣೆ ಹಾಕಿಸಿಕೊಂಡೆ. ಅಂದಿನಿಂದ ವಾಕ್ಯ ಮುಗಿದೊಡನೆ ನನ್ನ ಹೆಬ್ಬೆರಳು ತಾನೇ ಸ್ವಿಚ್ಚಿನ ಮೇಲೆ ಹೋಗುತ್ತದೆ.

ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಸ್ವಿಚ್ಚಿಗೆ ಅಂಟುಪಟ್ಟಿ ಹಾಕಿ ಕೂತೆ. ಹಸಿರು ಗೆರೆ ಎದ್ದು ಕುಣಿಯಿತು. ಮೊದಲ ಐವತ್ತು ವಾಕ್ಯ ಕೇಳಿದ ನಿನ್ನಪ್ಪ "ನೀರು ಬೇಕು ಅಂದ್ರೆ ಬಸ್ಸು ಹೊರಟ ಹಾಗಿದೆ ಕಣೇ" ಎಂದರು. ನಿಜ, ಎಲ್ಲವನ್ನೂ ಪ್ರಯಾಣಿಕರ ಗಮನಕ್ಕೆ ತಂದಿದ್ದೆ. ಅಷ್ಟನ್ನೂ ಅಳಿಸಿ, ಅವರನ್ನೇ ಎದುರಿಗೆ ಕೂರಿಸಿಕೊಂಡು, ಮನೆಮಾತಿನ ಹಾಗೆ ಮತ್ತೆ ಓದಿದೆ. ಇವತ್ತಿಗೆ ಇನ್ನೂರ ಹತ್ತಾಗಿದೆ. ಶನಿವಾರದೊಳಗೆ ಮುಗಿಸಿಯೇ ತೀರುತ್ತೇನೆ. ಪಟ್ಟಿಯಲ್ಲಿ ಬೈಗುಳ ಒಂದೂ ಇರಲಿಲ್ಲ. ನಾನೇ ಎಂಟು ಸೇರಿಸಿದ್ದೇನೆ, ನಿನ್ನಪ್ಪನಿಗೆ ಗೊತ್ತಿಲ್ಲ.

ಸಮುದ್ರ ನಿನ್ನನ್ನು ಹಗುರವಾಗಿ ಹೊತ್ತುಕೊಂಡಿರಲಿ, ನಿನ್ನ ಇಂಜಿನ್ ಕೆಮ್ಮದಿರಲಿ. ತಲೆಗೆ ಎಣ್ಣೆ ಹಚ್ಚಿಕೋ. ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು, ಅಪ್ಪ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಹಡಗು ಹದಿನಾಲ್ಕಕ್ಕೆ ಬಂದರು ಮುಟ್ಟುತ್ತದೆಂದು ಬರೆದಿದ್ದೆಯಲ್ಲ, ಕಾಗದ ಅಲ್ಲಿನ ಆಫೀಸಿನಲ್ಲಿ ನಿನ್ನ ಕೈಸೇರಿದ ತಕ್ಷಣ ಫೋನು ಮಾಡು. ನೀನು ಬರಲಾಗದು, ನನಗೆ ಗೊತ್ತು, ಅದಕ್ಕೆ ಬೇಸರವಿಲ್ಲ. ನಿನ್ನ ಆಣೆ ಮುರಿದು "ಬಟಾಣಿ" ಎಂದು ಏಳು ಥರ ರೆಕಾರ್ಡ್ ಮಾಡಿದ್ದೇನೆ, ಊಟಕ್ಕೆ ಕರೆಯುವ ಹಾಗೆ, ಗದರುವ ಹಾಗೆ, ಸುಮ್ಮನೆ ಕರೆದ ಹಾಗೆ. ಎಲ್ಲ ಚೆನ್ನಾಗಿಯೇ ಬಂದಿವೆ. ಆದರೆ ಪ್ರತಿ ಸಲ ಕರೆದ ಮೇಲೂ ಕಿವಿಯಲ್ಲಿ ಬರೀ ಸದ್ದಿಲ್ಲದ ಸದ್ದು. ಹದಿನೆಂಟರ ಒಳಗೆ ಒಂದು ಸಲ ಈ ಗಂಟಲಿನಿಂದಲೇ ನಿನ್ನನ್ನು ಕರೆಯಬೇಕು, ನೀನು "ಏನಮ್ಮಾ" ಅನ್ನಬೇಕು.