ಮಾದೇವ ಕಟ್ಟಿದ ಕಾಡು

ಕೌದಳ್ಳಿ
೧೫–೧೧–೨೦೨೫, ಶನಿವಾರ

ಪ್ರೀತಿಯ ಮುನಿಯಣ್ಣನಿಗೆ,

ನಿನ್ನ ತಂಗಿ ಮಂಗಳ ಮಾಡುವ ನಮಸ್ಕಾರ. ಹೇಗಿದ್ದೀಯಾ? ಕೆಮ್ಮು ಬಿಟ್ಟಿತಾ? ಹೋದ ಸಲ ರಜಕ್ಕೆ ಬಂದಾಗ ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದೆ. ಹನೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದರೆ, ಕಾಡಿಗೆ ಹೋದರೆ ತಾನಾಗೇ ಹೋಗುತ್ತದೆ ಎಂದು ಹೇಳಿ ಜೀಪು ಹತ್ತಿದೆ. ಒಲೆಯ ಹೊಗೆ ಕುಡಿದುಕೊಂಡು ಕೂತರೆ ಯಾವ ಕೆಮ್ಮು ಹೋಗುತ್ತದೆ ಹೇಳು? ಅವ್ವ ಶುಂಠಿ, ಬೆಲ್ಲ, ಮೆಣಸು ಕುಟ್ಟಿ ಉಂಡೆ ಮಾಡಿದ್ದಾಳೆ. ಧಾರಾಳಿಯ ಹಾಗೆ ಜೊತೆಯವರಿಗೆಲ್ಲ ಹಂಚಿಬಿಡಬೇಡ, ನೀನೂ ತಿನ್ನು. ಅವ್ವ ಗಟ್ಟಿಯಾಗಿದ್ದಾಳೆ, ದಿನಕ್ಕೊಂದು ಸಲ ನನ್ನನ್ನು ಬಯ್ಯದಿದ್ದರೆ ಅವಳಿಗೆ ಅನ್ನ ಅರಗುವುದಿಲ್ಲ. ನಮ್ಮ ತಮ್ಮ ಮಾದೇವನ ಕಾಲಿನ ರಾಡ್ ತೆಗೆದರು. ಕೋಲಿಲ್ಲದೆ ನಡೆಯುತ್ತಾನೆ. ಆದರೆ ಇನ್ನು ಅದು ಬೆಟ್ಟ ಹತ್ತುವ ಕಾಲಲ್ಲ ಎಂದು ಡಾಕ್ಟರು ಅವನ ಎದುರಿಗೇ ಹೇಳಿಬಿಟ್ಟರು. ಅವತ್ತು ಅವನು ಊಟ ಮಾಡಲಿಲ್ಲ.

ಈ ಸಲ ನಾನು ಬರೆಯುತ್ತಿರುವುದು ಅಂಗಡಿಯ ಕಂಪ್ಯೂಟರಿನ ವಿಷಯ. ನಿನಗದೆಲ್ಲ ಯಾಕೆಂದು ಕಾಗದ ಮಡಚಿ ಜೇಬಿಗಿಟ್ಟುಕೊಳ್ಳಬೇಡ. ಆ ಕಂಪ್ಯೂಟರಿನೊಳಗೆ ನೀವು ಕಳ್ಳಬೇಟೆ ಕಾಯುವ ಹುಲ್ಲುಮಡು ಕ್ಯಾಂಪ್ ಇತ್ತು, ನೀನು ಮಲಗುವ ಮಂಚ ಇತ್ತು, ಯಾರೋ ಗೊತ್ತಿಲ್ಲದವನೊಬ್ಬ ದಿನಾ ಸಂಜೆ ಅದರ ಸುತ್ತ ಓಡಾಡುತ್ತಿದ್ದ. ನನಗೆ ಭಯವಾಗಿದೆ ಅಣ್ಣ. ನಿಮ್ಮಲ್ಲಿ ಮೊಬೈಲ್ ಹತ್ತುವುದಿಲ್ಲವಲ್ಲ, ಅದಕ್ಕೇ ಕಾಗದ. ನಾಳೆ ನಾಗಯ್ಯ ರೇಷನ್ ಜೀಪು ತರುತ್ತಾನೆ, ಅವನ ಕೈಲಿ ಕೊಡುತ್ತೇನೆ. ಮೊದಲಿನಿಂದ ಹೇಳುತ್ತೇನೆ, ನಿಧಾನವಾಗಿ ಓದು.

ಹೋದ ತಿಂಗಳು ನಮ್ಮ ಹಳೆಯ ಕಂಪ್ಯೂಟರಿನ ಮೇಲೆ ಒಂದು ಸೂಚನೆ ಬಂತು. ಅದರೊಳಗಿರುವ ವಿಂಡೋಸ್ ಹತ್ತಕ್ಕೆ ಕಂಪನಿಯವರು ಇನ್ನು ಮುಂದೆ ದುರಸ್ತಿ ಕಳಿಸುವುದಿಲ್ಲವಂತೆ. ಹನ್ನೊಂದಕ್ಕೆ ಹೋಗಬೇಕಂತೆ, ಆದರೆ ಹನ್ನೊಂದನ್ನು ಹಾಕಿಸಿಕೊಳ್ಳುವ ಯೋಗ್ಯತೆ ನಮ್ಮ ಡಬ್ಬಕ್ಕೆ ಇಲ್ಲವಂತೆ. ಜನರ ಆಧಾರು, ಪಹಣಿ, ಪಿಂಚಣಿ ಎಲ್ಲ ನನ್ನ ಕೈಯಲ್ಲಿ ಓಡಾಡುವಾಗ ಬಾಗಿಲು ಸಡಿಲವಾದ ಮೆಷಿನ್ ಇಟ್ಟುಕೊಂಡು ಕೂರಲಾಗುತ್ತದೆಯೇ? ಕೊಳ್ಳೇಗಾಲದ ಗುರುಪಾದಸ್ವಾಮಿಯವರ ಅಂಗಡಿಗೆ ಹೋದೆ, ಇದನ್ನು ಅವರ ಹತ್ತಿರವೇ ತಂದದ್ದಲ್ಲವಾ. "ಒಸದು ತಕಳವ್ವ. ವಿಂಡೋಸ್ ಇಲ್ದಿದ್ರ ನಿನ್ನ ಬೆರಳಚ್ಚಿನ ಮೆಷಿನ್ನು ಉಸ್ರೇ ಬುಡಲ್ಲ" ಎಂದರು. ಪಕ್ಕದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಕ್ ಇತ್ತು, ಆ ಕಚ್ಚಿದ ಸೇಬಿನ ಗುರುತಿನದು. ನೋಡಲು ಬಲು ಚೆಂದ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಠೀವಿಯಿಂದ ಕೂತಿತ್ತು. ಆದರೆ ಅದಕ್ಕೆ ಜನ ಹೆಬ್ಬೆರಳು ಒತ್ತುವ ನನ್ನ ಬೆರಳಚ್ಚಿನ ಯಂತ್ರದ ಪರಿಚಯವೂ ಇಲ್ಲ, ಮಾದೇವನ ಆಟದ ಪರಿಚಯವೂ ಇಲ್ಲ. ಅಲ್ಲಿಂದ ಬಸ್ಸು ಹತ್ತಿ ಯಳಂದೂರಿಗೆ ಹೋಗಿ, ನನಗೆ ಟೈಪಿಂಗ್ ಕಲಿಸಿದ ಶಾಂತಮೂರ್ತಿ ಮೇಷ್ಟ್ರನ್ನು ಕಂಡೆ. ಅವರಿಗೆ ಲಿನಕ್ಸ್ ಎಂದರೆ ಮನೆದೇವರು. ಕಾಫಿ ಬರುವ ಮೊದಲೇ ಶುರು ಮಾಡಿದರು. "ಇದೇ ಅಳೇ ಡಬ್ಬದಲ್ಲಿ ಓಡ್ತದ, ಕಾಸು ಕೇಳಲ್ಲ. ಯಾರ ಒಳೀಕ್ ಬುಡ್ಬೇಕು ಅನ್ನದು ನಿನ್ ಕೈಲೇ ಇರ್ತದ" ಎಂದು ಒಂದು ಪೆನ್ ಡ್ರೈವ್ ಕೊಟ್ಟರು. ಬೆರಳಚ್ಚಿನ ಯಂತ್ರ ಲಿನಕ್ಸಿಗೆ ಬಗ್ಗುವುದಿಲ್ಲ ಎಂಬುದನ್ನು ಅವರೂ ಒಪ್ಪಿಕೊಂಡರು, ಅದನ್ನು ಮೊಬೈಲಿಗೆ ಸಿಕ್ಕಿಸಿ ನಡೆಸು ಎಂದರು. ಮಾದೇವನ ಆಟ ಮಾತ್ರ ಆಗುವುದೇ ಇಲ್ಲ, ಅದಕ್ಕೆ ವಿಂಡೋಸೇ ಬೇಕು. ಮಾದೇವ ಅದನ್ನು ಕೇಳಿದವನೇ ಮುಖ ತಿರುಗಿಸಿಕೊಂಡ.

ಅವನ ಆಟ ಎಂದರೆ ಗುಂಡು ಹೊಡೆಯುವ ಆಟ ಎಂದೇ ನಾನೂ ತಿಳಿದಿದ್ದೆ. ಅದಲ್ಲ. ಬರೀ ನೆಲ ಕೊಡುತ್ತಾರೆ. ಅದರ ಮೇಲೆ ನಾವು ಗುಡ್ಡ, ಹಳ್ಳ, ಮರ, ಮನೆ ಏನು ಬೇಕಾದರೂ ಎಬ್ಬಿಸಿಕೊಳ್ಳಬಹುದು. ಆಮೇಲೆ ಬೇರೆ ಬೇರೆ ಊರಿನಲ್ಲಿ ಕೂತವರನ್ನು ಒಳಗೆ ಕರೆದು, ಮಾತಾಡಿಕೊಂಡು ನಡೆದಾಡಬಹುದು. ಕ್ಯಾಂಪಿನಲ್ಲಿ ನಿಮಗೆಲ್ಲ ಅಡುಗೆ ಮಾಡಿಕೊಂಡಿದ್ದ ಹುಡುಗ, ಬಂಡೆಯಿಂದ ಜಾರಿ ಕಾಲು ಮುರಿದುಕೊಂಡು ಇಳಿದು ಬಂದ. ದೇಹ ಇಲ್ಲಿದ್ದರೂ ಜೀವ ಅಲ್ಲೇ ಉಳಿಯಿತು. ಅದನ್ನೇ ಕೂತು ಕಟ್ಟಿದ. ಹಳ್ಳದ ತಿರುವು, ಆನೆ ಉಜ್ಜಿ ನುಣ್ಣಗಾದ ಬಂಡೆ, ನೀವು ಗಸ್ತು ಹೋಗುವ ದಾರಿ, ಕ್ಯಾಂಪಿನ ಸುತ್ತ ತೋಡಿದ ಕಂದಕ, ಅದನ್ನು ದಾಟುವ ಹಲಗೆ, ಒಳಗೆ ಯಾರ ಮಂಚ ಎಲ್ಲಿ, ಬಂದೂಕು ಯಾವ ಮೂಲೆಯಲ್ಲಿ, ಎಲ್ಲ. ಅವ್ವ ಪರದೆಗೆ ಮೂಗು ತಾಗಿಸಿ ನೋಡಿ "ಅದೇ ಅಳ್ಳ ಕಣ್ಲಾ, ಅದೇಯ" ಎಂದು ಕಣ್ಣೊರೆಸಿಕೊಂಡಳು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ತಮ್ಮನಿಗೆ ಇಂಥ ಕೈ ಇದೆ ಎಂದು ಅವತ್ತೇ ಗೊತ್ತಾದದ್ದು.

ಆ ಕಾಡು ನೋಡಲು ಯಾರ್ಯಾರೋ ಬಂದರು, ಹೊಗಳಿದರು, ಹೋದರು. ಒಬ್ಬ ಮಾತ್ರ ಹೋಗಲಿಲ್ಲ. ಮಾದೇವ ಅವನನ್ನು ಬ್ರದರ್ ಎನ್ನುತ್ತಾನೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ನಾನು ಅಂಗಡಿ ಗುಡಿಸುವ ಹೊತ್ತಿಗೆ ಸ್ಪೀಕರಿನಲ್ಲಿ ಅವನ ದನಿ ಬರುತ್ತಿತ್ತು. ಎಲ್ಲೋ ದಿಲ್ಲಿಯಲ್ಲೋ ಬಾಂಬೆಯಲ್ಲೋ ಇರುವವನ ಮಾತಲ್ಲ ಅಣ್ಣ, ನಮ್ಮದೇ ಮಾತು. ಈ ಸೀಮೆಯವನೇ. ಉಳಿದವರು ಮರ ಚೆಂದ, ನೀರು ಚೆಂದ ಎನ್ನುತ್ತಿದ್ದರು. ಇವನು ಚೆಂದ ಎಂದದ್ದನ್ನು ನಾನು ಕೇಳಲಿಲ್ಲ. "ಆ ಅಲಗೆಯ ರಾತ್ರಿ ಒತ್ತು ಒಳೀಕ್ ಎಳ್ಕತಾರಾ, ಅಂಗೇ ಬುಡ್ತಾರಾ?" ಎಂದು ಕೇಳಿದ. ಇನ್ನೊಂದು ದಿನ "ನಾಯಿ ಯಾವ್ ಕಡೀಕ್ ಮಲೀಕತದ?" ಎಂದ. ಮಾದೇವ ತನ್ನ ಕಾಡಿನ ಬಗ್ಗೆ ಯಾರಾದರೂ ಕೇಳಿದರೆ ಸಾಕು ಎಂದು ಕಾಯುತ್ತಿದ್ದವನು, ಎಲ್ಲಕ್ಕೂ ಉತ್ತರ ಕೊಟ್ಟ. ನಾನು ಪೊರಕೆ ಹಿಡಿದುಕೊಂಡು ಹಾಗೇ ನಿಂತೆ. ಆಟವಾಡುವವನಿಗೆ ನಾಯಿ ಮಲಗುವ ಜಾಗ ಯಾಕೆ ಬೇಕು?

ಆಮೇಲೆ ಆ ಮರದ ವಿಷಯ ಬಂತು. ಕ್ಯಾಂಪಿಗೆ ಬರುವಾಗ ಹಳ್ಳಕ್ಕೆ ಅಡ್ಡ ಒಂದು ಮರ ಬಿದ್ದಿತ್ತಲ್ಲ, ನೀವು ದಾಟುತ್ತಿದ್ದದ್ದು, ಅದನ್ನೂ ಮಾದೇವ ಇಟ್ಟಿದ್ದ. ಬ್ರದರ್ ಅದನ್ನು ನೋಡಿ ನಕ್ಕ. "ಅದ ತಗದಾಕ್ಲಾ. ಮೊನ್ನೆ ಮಳೇಲಿ ಕೊಚ್ಕಂಡು ಓಯ್ತು. ಈಗ ಮೇಲ್ಗಡೆ ಬಂಡೆ ಮೇಲೇ ದಾಟಾದು" ಎಂದ. ಮಾದೇವ ಅವನು ಹೇಳಿದ ಹಾಗೆ ಮರ ತೆಗೆದುಹಾಕಿದ. ಮರ ಹೋದದ್ದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾಗಯ್ಯ ಜೀಪು ತಂದಾಗ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. "ಊಂ ಕಣವ್ವ, ಕೊಚ್ಕಂಡು ಓಯ್ತು, ಬಂಡೆ ಮೇಲೇ ಮೂಟೆ ಒತ್ಕಂಡು ದಾಟ್ದೊ" ಎಂದ. ಹೊರಗಿನವರು ಕಾಲಿಡಬಾರದ ಜಾಗ ಅದು. ಅಲ್ಲಿಗೆ ಹೋಗಿ ಬಂದವನೇ ನಮ್ಮ ಅಂಗಡಿಯ ಸ್ಪೀಕರಿನಲ್ಲಿ ಮಾತಾಡುತ್ತಿದ್ದಾನೆ. ಕ್ಯಾಂಪಿನ ಹೊರಗಿನದೆಲ್ಲ ಅವನು ಕಣ್ಣಾರೆ ಕಂಡಿದ್ದಾನೆ. ಅವನಿಗೆ ಗೊತ್ತಿಲ್ಲದ್ದು ಒಳಗಿನದು, ಅದನ್ನು ನಮ್ಮ ಮಾದೇವ ತೋರಿಸುತ್ತಿದ್ದಾನೆ.

ನಾನು ಇನ್ನೂ ಯಾವ ಕಂಪ್ಯೂಟರ್ ಎಂದು ಯೋಚಿಸುತ್ತಿರುವಾಗಲೇ ಬ್ರದರ್ ಕಡೆಯಿಂದ ಉತ್ತರ ಬಂತು. ಹಳೆಯ ಡಬ್ಬದ ಕಷ್ಟವನ್ನು ಮಾದೇವ ಅವನಿಗೆ ಹೇಳಿಕೊಂಡಿದ್ದನಂತೆ. "ನಾನೇ ಒಂದು ಕಳಿಸ್ತೀನಿ ತಕಳ್ಲಾ. ಒಳ್ಳೇ ಗ್ರಾಫಿಕ್ಸ್ ಕಾರ್ಡು, ವಿಂಡೋಸ್ ಅನ್ನೊಂದು. ಮಂಗಳಕ್ಕನ ಕೆಲ್ಸಾನೂ ಆಯ್ತದ, ನಮ್ಮ ಆಟಾನೂ ಆಯ್ತದ" ಎಂದನಂತೆ. ನನ್ನ ಹೆಸರನ್ನು ಯಾವತ್ತೂ ಹೇಳಿಲ್ಲ ಎಂದು ಮಾದೇವ ಮಾದಪ್ಪನ ಮೇಲೆ ಆಣೆ ಇಡುತ್ತಾನೆ. ಗುರುವಾರ ಕೊಳ್ಳೇಗಾಲದ ಬಸ್ಸಿನಲ್ಲಿ ಪೆಟ್ಟಿಗೆ ಬಂದೇಬಿಟ್ಟಿತು. ಯಾರು ಕೊಟ್ಟರು ಎಂದರೆ ಕಂಡಕ್ಟರಿಗೆ ಗೊತ್ತಿಲ್ಲ, ಹೆಲ್ಮೆಟ್ ಹಾಕಿಕೊಂಡವನೊಬ್ಬ ಇಟ್ಟು ಹೋದನಂತೆ. ಪೆಟ್ಟಿಗೆಯ ಮೇಲೆ ನನ್ನ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ ಇತ್ತು. ಕಳಿಸಿದವನ ಹೆಸರಿನ ಜಾಗ ಖಾಲಿ.

ಮಾದೇವ ಪೆಟ್ಟಿಗೆಯ ಮುಂದೆ ಕೂತು, ಚಿಕ್ಕವನಿದ್ದಾಗ ಜೇನಿನ ಹುಟ್ಟಿನ ಮುಂದೆ ಕೂರುತ್ತಿದ್ದ ಹಾಗೆ ಕೂತು, ಬಿಚ್ಚಲಾ ಎಂದು ನನ್ನ ಮುಖ ನೋಡಿದ. ಆಸೆ ನನಗೂ ಆಯಿತು ಅಣ್ಣ. ನನ್ನ ಕೆಲಸಕ್ಕೆ ಬೇಕಾದದ್ದೆಲ್ಲ ಅದರೊಳಗಿತ್ತು, ಲಿನಕ್ಸಿನ ತಾಪತ್ರಯವೇ ಬೇಕಿರಲಿಲ್ಲ. ಆದರೆ ಗೊತ್ತಿಲ್ಲದವನು ಯಾಕೆ ಕೊಡುತ್ತಾನೆ ಎಂದು ಕೇಳಿದೆ. "ಫ್ರೆಂಡು ಕಣಕ್ಕ" ಎಂದ. ಆ ಫ್ರೆಂಡು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಅವನಿಗೇ ವಾಪಸು ಕೇಳಿದೆ. ಹಲಗೆ, ನಾಯಿ, ಬಂದೂಕು, ಮಂಚ. ಕೊನೆಗೆ "ಅಣ್ಣ ಮಲೀಕಳ ಮಂಚ ಕಣ್ಲಾ ಅದು" ಎಂದೆ. ಅವನು ಮಂಡಿಯ ನಡುವೆ ತಲೆ ಇಟ್ಟುಕೊಂಡು ಅತ್ತ. ನಾನು ಬಯ್ಯಬೇಕೆಂದಿದ್ದೆ, ಬಯ್ಯಲಾಗಲಿಲ್ಲ. ಅವನು ಮಾಡಿದ್ದಾದರೂ ಏನು, ಬಿಟ್ಟು ಬಂದ ಜಾಗದ ಮೇಲಿನ ಪ್ರೀತಿಗೆ ಕಟ್ಟಿಕೊಂಡದ್ದು.

ಪೆಟ್ಟಿಗೆಯನ್ನು ಬಿಚ್ಚದೆ ಅದೇ ಬಸ್ಸು ಮಾದಪ್ಪನ ಬೆಟ್ಟದಿಂದ ತಿರುಗಿ ಬರುವಾಗ ಹತ್ತಿಸಿ ಕೊಳ್ಳೇಗಾಲಕ್ಕೇ ಕಳಿಸಿದೆವು. ನಿನ್ನೆ ಮೇಷ್ಟ್ರ ಪೆನ್ ಡ್ರೈವ್ ಹಾಕಿ ಹಳೆಯ ಡಬ್ಬಕ್ಕೆ ಲಿನಕ್ಸ್ ಹಾಕಿದೆ. ಹಾಕುವ ಮೊದಲು ಒಳಗಿದ್ದದ್ದೆಲ್ಲ ಅಳಿಸಲಾ ಎಂದು ಅದು ಕೇಳುತ್ತದೆ. ಅಳಿಸು ಎಂದು ಒತ್ತಿದ್ದು ಮಾದೇವನೇ, ನಾನಲ್ಲ. ಅಷ್ಟು ತಿಂಗಳು ಕೂತು ಎಬ್ಬಿಸಿದ ಕಾಡು ನೀರು ಕುಡಿಯುವಷ್ಟರಲ್ಲಿ ಹೋಯಿತು. ಅವನು ಎದ್ದು ಹೋಗಿ ಜಗಲಿಯಲ್ಲಿ ಮಲಗಿದ. ಇವತ್ತು ಬೆಳಿಗ್ಗೆಯಿಂದ ಅಂಗಡಿ ಲಿನಕ್ಸಿನಲ್ಲೇ ನಡೆಯುತ್ತಿದೆ. ಬೆರಳಚ್ಚನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುವುದನ್ನು ನೋಡಿ ಚಿಕ್ಕನಿಂಗಮ್ಮಜ್ಜಿ, ಪಿಂಚಣಿ ಕೊಡದಿರಲು ಇದೊಂದು ಹೊಸ ನಾಟಕ ಎಂದು ಜಗಳಕ್ಕೆ ಬಂದಳು. ನಗು ಬರಬೇಕಿತ್ತು, ಬರಲಿಲ್ಲ.

ರೇಂಜ್ ಆಫೀಸಿಗೆ ಹೋಗಿ ಹೇಳಬೇಕೆಂದು ಮೆಟ್ಟಿಲವರೆಗೂ ಹೋಗಿದ್ದೆ. ಅಲ್ಲಿ ಹೇಳಿದ್ದು ನಿಮಗೆ ವೈರ್‌ಲೆಸ್ಸಿನಲ್ಲಿ ಬರುತ್ತದೆ, ವೈರ್‌ಲೆಸ್ಸಿನಲ್ಲಿ ಬಂದದ್ದು ಯಾರ ಕಿವಿಗೆ ಬೀಳುತ್ತದೋ ಯಾರು ಬಲ್ಲರು? ಅದೂ ಅಲ್ಲದೆ ಮೊದಲು ಎಳೆದುಕೊಂಡು ಹೋಗುವುದು ಮಾದೇವನನ್ನೇ ಎಂದು ಹೆದರಿ ತಿರುಗಿ ಬಂದೆ. ಅದಕ್ಕೇ ಮೊದಲು ನಿನಗೆ ಹೇಳುತ್ತಿದ್ದೇನೆ. ನೀನು ನಿಮ್ಮ ಫಾರೆಸ್ಟರಿಗೆ ಎದುರು ಕೂತು ಹೇಳು, ಏನು ಮಾಡಬೇಕೋ ಅವರು ನೋಡಲಿ. ಕತ್ತಲಾಗುವ ಮೊದಲು ಹಲಗೆ ಎಳೆದುಕೊಳ್ಳಿ, ಬಂದೂಕು ಆ ಮೂಲೆಯಲ್ಲಿ ಬೇಡ, ಮಂಚಗಳನ್ನೂ ಬದಲಿಸಿ. ನಾಯಿಗೆ ಹೊಟ್ಟೆ ತುಂಬ ಹಾಕಿ, ಯಾರು ಎಸೆದದ್ದಕ್ಕೂ ಬಾಯಿ ಹಾಕದಿರಲಿ. ಆಟ ನಿಂತಿತು, ಇನ್ನು ಅವನಿಗೆ ದಾರಿ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಜೊತೆಯವರಿಗೆಲ್ಲ ನಮ್ಮ ನೆನಪು ತಿಳಿಸು. ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿದೆ. ಏಳುಮಲೆಯ ಮಾದಪ್ಪ ನಿಮ್ಮ ಹೊಸಿಲಿನಲ್ಲೇ ಕೂತು ಕಾಯಲಿ.

ನಿನ್ನ ತಂಗಿ
ಮಂಗಳ

ಮರೆತ ಮಾತಲ್ಲ, ಈಗ ಬಂದದ್ದು. ಭಾನುವಾರ ಬೆಳಿಗ್ಗೆ.

ಅಣ್ಣ, ಮಾದೇವನ ಮೊಬೈಲಿಗೆ ಈಗ ಒಂದು ಚಿತ್ರ ಬಂದಿದೆ. "ನಿನ್ ಮೆಷಿನ್ ಇಲ್ದಿದ್ರೂ ಆಯ್ತದ ಕಣ್ಲಾ, ನಮ್ಮತ್ರ ಕಾಪಿ ಅದ" ಎಂದು ಕೆಳಗೆ ಬ್ರದರ್ ಬರೆದಿದ್ದಾನೆ. ಮಾದೇವ ಕಟ್ಟಿದ ಕಾಡೇ ಅದು. ಹಳ್ಳ, ಬಂಡೆ, ಕಂದಕ ಎಲ್ಲ ಇದ್ದ ಹಾಗೇ ಇವೆ. ಕ್ಯಾಂಪ್ ಇಲ್ಲ. ಕ್ಯಾಂಪ್ ಇದ್ದ ಕಡೆ ನೆಲವನ್ನು ಕಪ್ಪು ಮಾಡಿದ್ದಾನೆ. ಮಾದೇವ ತಾನೇ ಅಂಗಿ ಹಾಕಿಕೊಂಡು ನಿಂತಿದ್ದಾನೆ, ಏನಾದರಾಗಲಿ ಎಂದು ನಾವಿಬ್ಬರೂ ಹನೂರು ಠಾಣೆಗೆ ಹೊರಟಿದ್ದೇವೆ. ಆದರೆ ಪೊಲೀಸರು ಬರುವ ತನಕ ನೀವು ಅಲ್ಲಿರಬೇಡಿ. ಈ ಕಾಗದವನ್ನು ನಾಗಯ್ಯನ ಕೈಗೆ ಕೊಡುತ್ತಿಲ್ಲ. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ, ಬ್ರದರ್ ಯಾರೆಂದು ಗೊತ್ತಾಗುವವರೆಗೆ ಯಾರ ಕೈಗೂ ಕೊಡಲಾರೆ. ಅವ್ವನೇ ತರುತ್ತಿದ್ದಾಳೆ. ತಾನು ಮದುವೆಯಾಗಿ ಕಾಡೊಳಗಿನ ತವರಿನ ಪೋಡಿನಿಂದ ಇಳಿದು ಬಂದ ದಾರಿ ಒಂದು ನಿಮ್ಮ ಕ್ಯಾಂಪಿನ ಹಿಂದೆಯೇ ಹಾಯುತ್ತದಂತೆ, ಆ ಪೋಡಿನ ಮನೆಗಳೆಲ್ಲ ಒಕ್ಕಲೆದ್ದ ಮೇಲೆ ಅಲ್ಲಿ ಯಾರೂ ನಡೆದಿಲ್ಲವಂತೆ. ಆ ದಾರಿ ಮಾದೇವನಿಗೆ ಗೊತ್ತಿಲ್ಲ, ಅದಕ್ಕೇ ಅವನು ಅದನ್ನು ಕಟ್ಟಿಲ್ಲ. ಇದನ್ನು ಓದಿದ ತಕ್ಷಣ ಎಲ್ಲರನ್ನೂ ಹೊರಡಿಸು. ಸಾಮಾನು ಕಟ್ಟಲು ನಿಲ್ಲಬೇಡಿ. ಅವ್ವನ ಹಿಂದೆ ಆ ದಾರಿಯಲ್ಲೇ ಇಳಿದು ಬನ್ನಿ.