ಸಂಜೆಗೆ ಹೋಗುವ ಮನೆ

ವಲಿಯಂಗಾಡಿ, ಕಲ್ಲಿಕೋಟೆ
೮ ಮೇ ೧೯೮೨, ಶನಿವಾರ ಬೆಳಿಗ್ಗೆ

ಪ್ರೀತಿಯ ತಂಗಿ ಕುಂಞಿಬಿಗೆ ಅಣ್ಣ ಆಟ್ಟಕೋಯನ ಸಲಾಂ.

ಹಡಗು ಇವತ್ತು ಮಧ್ಯಾಹ್ನ ಬೇಪೂರಿನಿಂದ ನಮ್ಮ ದ್ವೀಪಕ್ಕೆ ಹೊರಡುತ್ತದೆ. ನಾನು ಅದರಲ್ಲಿ ಬರುತ್ತಿಲ್ಲ. ಹೊರಡುವುದು ಖಚಿತವೆಂದು ಬಂದರು ಕಚೇರಿಯವರು ಹೇಳಿದ್ದನ್ನು ಈಗಷ್ಟೇ ನಿನ್ನ ಪಕ್ಕದ ಮನೆಯ ಚೆರಿಯಕೋಯ ಬಂದು ತಿಳಿಸಿದ. ಈ ಪತ್ರ ನಿನ್ನ ಕೈಗೆ ಕೊಡುವವನೂ ಅವನೇ. ನಾನು ಉಳಿದದ್ದಕ್ಕೆ ಕಾಯಿಲೆ ಕಾರಣವಲ್ಲ, ಗಾಬರಿಯಾಗಬೇಡ. ನಿನ್ನ ಉಬ್ಬಸ ಹೇಗಿದೆ? ಒಲೆಯ ಹತ್ತಿರ ಹೆಚ್ಚು ಹೊತ್ತು ಕೂರಬೇಡವೆಂದು ಎಷ್ಟು ಹೇಳಿದರೂ ನೀನು ಕೇಳುವುದಿಲ್ಲ. ಅಡುಗೆಮನೆಯ ಸೂರಿಗೆ ಹೊಸ ಗರಿ ಹೊದಿಸಿದರೋ ಇಲ್ಲವೋ? ಮಳೆ ಈ ಸಲ ಬೇಗ ಬರುತ್ತದೆ ಎಂದು ಇಲ್ಲಿನ ದೋಣಿಯವರು ಹೇಳುತ್ತಿದ್ದಾರೆ. ನಿನ್ನ ಮಗಳು ಹಾಜರಾ ಚೆನ್ನಾಗಿದ್ದಾಳೆಂದು ನಂಬಿದ್ದೇನೆ. ಪತ್ರಗಳನ್ನು ಯಾವಾಗಲೂ ಅವಳ ಕೈಯಲ್ಲೇ ಓದಿಸುತ್ತೀಯ. ಇದನ್ನು ಮಾತ್ರ ಮೊದಲು ನೀನೊಬ್ಬಳೇ ಕೂತು ಓದು, ನಿಧಾನವಾದರೂ ಚಿಂತೆಯಿಲ್ಲ.

ಕೊಬ್ಬರಿಯೆಲ್ಲ ಗುರುವಾರವೇ ಮಾರಾಟವಾಯಿತು. ಉಳಿದದ್ದು ಇನ್ನೊಂದು ಕೆಲಸ. ಕೊಬ್ಬರಿ ಮಂಡಿಯ ಅವರಾನ್ ಹಾಜಿಯವರಿಗೆ, ಹಾಜರಾಳಿಗೆಂದು ಅವರು ತಂದ ಸಂಬಂಧ, ಅವರ ಗುಮಾಸ್ತ ಬೀರಾನ್ ಕೋಯನ ವಿಷಯದಲ್ಲಿ ಹಡಗು ಹತ್ತುವ ಮೊದಲು ಮಾತು ಕೊಡಬೇಕಿತ್ತು. ಅವನಿಗೆ ನಮ್ಮ ದ್ವೀಪದ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿದ್ದು ನಿನಗೆ ಗೊತ್ತಿದೆ. ಜೂನ್‌ನಲ್ಲಿ ಹಾಜರಾಗಬೇಕು. ಹಾಗಾಗಿ ಮಳೆಗಾಲಕ್ಕೆ ಕಡಲು ಮುಚ್ಚುವ ಮೊದಲಿನ ಕೊನೆಯ ಹಡಗಿನಲ್ಲಿ, ಅಂದರೆ ಬರುವ ಶುಕ್ರವಾರ, ಅವನು ಹೊರಡಲೇಬೇಕು. ಅದರೊಳಗೆ ಮಾತು ಆದರೆ ಮಳೆಗಾಲದಲ್ಲೇ ನಿಕಾಹ್ ಮಾಡಬಹುದೆಂದು ಹಾಜಿಯವರ ಲೆಕ್ಕ. ಹುಡುಗನನ್ನು ಮೂರು ಸಲ ನೋಡಿದ್ದೇನೆ, ಪ್ರತಿ ಸಲವೂ ಮಂಡಿಯಲ್ಲಿ, ಹಗಲು ಹೊತ್ತು. ಆದರೆ ಆ ಮಂಗಳೂರಿನ ಸಂಗತಿ ಆದ ಮೇಲೆ ಹಾಜರಾ ನನಗೆ ಹೇಳಿದ್ದು ಒಂದೇ ಮಾತು. ಅವಳ ಮೊದಲ ಗಂಡನಿಗೆ ಮಂಗಳೂರಿನಲ್ಲಿ ಹೆಂಡತಿ ಮಕ್ಕಳು ಇರುವುದು ಗೊತ್ತಾಗಿ, ಅವನು ತನ್ನ ಪೆಟ್ಟಿಗೆ ತೆಗೆದುಕೊಂಡು ಹೋದ ದಿನ, ನೀನೂ ಅಲ್ಲೇ ಇದ್ದೆ. ಅವಳು ಅಳಲಿಲ್ಲ. "ಮಾಮಾ, ಇನ್ನೊಬ್ಬನನ್ನು ನೋಡೋದಾದ್ರೆ ಸಂಜೆ ಹೊತ್ತು ಅವನು ಎಲ್ಲಿರ್ತಾನೆ ಅಂತ ನೋಡ್ಕೊಂಡು ಬನ್ನಿ" ಅಂದಳು. ಅಷ್ಟೇ.

ನಿನ್ನೆ ಮಧ್ಯಾಹ್ನ ಹೊರಡಬೇಕಿದ್ದ ಹಡಗು ಯಂತ್ರದ ದುರಸ್ತಿಗೆಂದು ಒಂದು ದಿನ ನಿಂತಿತು, ಸುದ್ದಿ ನಮಗೆ ಇಲ್ಲಿ ಮಂಡಿಯಲ್ಲೇ ಸಿಕ್ಕಿತು. ಚೆರಿಯಕೋಯ ಬೇಪೂರಿನ ನಮ್ಮವರ ವಸತಿಗೆ ಮರಳೋಣವೆಂದು ಬಸ್ಸು ಹತ್ತಿಸಿದ. ಬಸ್ಸು ಹೊರಡುವಷ್ಟರಲ್ಲಿ ನಾನು ಇಳಿದುಬಿಟ್ಟೆ. ಯಾಕೆಂದು ಕೇಳಿದರೆ ಹೇಳಲಾರೆ. ಮೂವತ್ತು ವರ್ಷದಿಂದ ಈ ಊರಿಗೆ ಬರುತ್ತಿದ್ದೇನೆ, ಕೊಬ್ಬರಿ ತೂಗಿಸಿ ಇಳಿಹೊತ್ತಿನ ಅಸರ್ ನಮಾಜಿಗೆ ಬೇಪೂರು ಸೇರಿಬಿಡುತ್ತೇನೆ, ಕಲ್ಲಿಕೋಟೆಯ ಸಂಜೆಯನ್ನು ಒಂದು ದಿನವೂ ಕಂಡಿರಲಿಲ್ಲ. ಚೆರಿಯಕೋಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಲೋ ಆಟ್ಟ, ಈ ವಯಸ್ಸಲ್ಲಿ ಪೇಟೆ ಸುತ್ತೋಕೆ ಹೊರಟ್ಯಾ? ಕಳೆದುಹೋದ್ರೆ ನಿನ್ನ ತಂಗಿಗೆ ನಾನೇನು ಹೇಳಲಿ?" ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ಮಿಠಾಯಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಗಳ ಮುಂದೆ ಕೆಂಪು, ಕಪ್ಪು, ಹಸಿರು ಹಲ್ವದ ಗಡ್ಡೆಗಳನ್ನು ಇಟ್ಟಿಗೆಯ ಹಾಗೆ ಪೇರಿಸಿಟ್ಟಿದ್ದರು. ಬಾಳೆಕಾಯಿ ಚಿಪ್ಸ್ ಕರಿಯುವ ಬಾಣಲೆಯಿಂದ ಬಂದ ವಾಸನೆ ನಮ್ಮದೇ ಕೊಬ್ಬರಿ ಎಣ್ಣೆಯದು. ಇಷ್ಟು ವರ್ಷ ನಾವು ಕಳಿಸಿದ್ದೆಲ್ಲ ಎಲ್ಲಿಗೆ ಬರುತ್ತದೆಂದು ಆಗ ಕಂಡೆ. ಒಂದು ಮಹಡಿಯ ಮೇಲೆ ಯಾರೋ ಹಾರ್ಮೋನಿಯಂ ಇಟ್ಟುಕೊಂಡು ಹಾಡುತ್ತಿದ್ದರು, ಕೆಳಗೆ ಹೊರೆಯಾಳುಗಳು ಗಾಡಿ ನಿಲ್ಲಿಸಿ ತಲೆದೂಗುತ್ತಿದ್ದರು. ನಾನೂ ಅವರ ನಡುವೆ ನಿಂತೆ. ಯಾರೂ ನನ್ನನ್ನು ಯಾರೆಂದು ಕೇಳಲಿಲ್ಲ. ನಮ್ಮ ದ್ವೀಪದಲ್ಲಿ ಹೀಗೆ ಒಂದು ಗಳಿಗೆ ಯಾರ ಅಣ್ಣನೂ ಯಾರ ಮಾವನೂ ಅಲ್ಲದೆ ನಿಲ್ಲಲು ಆಗುತ್ತದೆಯೇ? ಆ ಸಂತೋಷದಲ್ಲೇ ಇದ್ದೆ, ಎದುರಿನ ಹಲ್ವದ ಅಂಗಡಿಯಲ್ಲಿ ಬೀರಾನ್ ಕಾಣಿಸಿದ.

ನೋಡಿದ್ದನ್ನು ನೋಡಿದ ಹಾಗೇ ಬರೆಯುತ್ತೇನೆ. ಬೆಳಿಗ್ಗೆ ಮಂಡಿಯಲ್ಲಿ, ಹಡಗು ತಡವಾದರೆ ಸಂಜೆ ಚಹಾಕ್ಕೆ ಸಿಗು ಎಂದಿದ್ದೆ. "ಸಂಜೆ ಆಗಲ್ಲ ಕಾಕಾ, ಒಂದು ಮನೆಗೆ ಹೋಗೋದಿದೆ" ಎಂದಿದ್ದ. ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ಅವನು ಮಿಂದು, ತಲೆ ಬಾಚಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದ. ಕೈಯಲ್ಲಿ ಹಲ್ವದ ಪೊಟ್ಟಣ, ಕಂಕುಳಲ್ಲಿ ಟಾರ್ಚು. ಕುಂಞಿಬಿ, ಸೂರ್ಯ ಮುಳುಗಿ ಮಗ್ರಿಬ್ ಹೊತ್ತಿಗೆ ಮಿಂದು, ಪೊಟ್ಟಣ ಹಿಡಿದು, ಟಾರ್ಚು ಇಟ್ಟುಕೊಂಡು ಹೊರಡುವ ಗಂಡಸು ಎಲ್ಲಿಗೆ ಹೋಗುತ್ತಾನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ದ್ವೀಪದ ಎಲ್ಲ ಗಂಡಸರಂತೆ ನಾನೂ ನಲವತ್ತು ವರ್ಷದಿಂದ ಹಾಗೆಯೇ ನನ್ನ ಹೆಂಡತಿಯ ಮನೆಗೆ ಹೋಗುತ್ತಿದ್ದೇನೆ, ಬೆಳಕು ಹರಿಯುವಾಗ ನಿನ್ನ ಮನೆಗೆ ಮರಳುತ್ತಿದ್ದೇನೆ. ಈ ಊರಿನ ಕೋಯ ಮನೆತನದವರಲ್ಲೂ ಗಂಡಸು ಹೋಗುವುದು ಹೆಂಡತಿಯ ಮನೆಗೇ. ಅವನ ಹಿಂದೆ ನಡೆದೆ.

ಅವನು ಬೇಗ ಬೇಗ ನಡೆಯುತ್ತಿದ್ದ. ಎರಡು ಸಲ ಜನರ ನಡುವೆ ಕಳೆದುಹೋದ. ಕುಟ್ಟಿಚಿರದ ಕೆರೆಯ ಹತ್ತಿರ ಮತ್ತೆ ಬಿಳಿ ಅಂಗಿ ಸಿಕ್ಕಿತು. ಕೆರೆಯ ಮೆಟ್ಟಿಲ ತುಂಬ ಗಂಡಸರು ಕೂತು ಫುಟ್ಬಾಲ್ ಜಗಳ ಆಡುತ್ತಿದ್ದರು. ಅವರಲ್ಲಿ ನಾಲ್ಕೈದು ಮಂದಿ ಅವನಿಗೆ ಸಲಾಂ ಹೇಳಿದರು. ಮರೆಮಾಚಿ ಹೋಗುವವನಿಗೆ ಹಾಗೆ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದ್ದು ನಮಗೆ ಮಾತ್ರ ಗೊತ್ತಿಲ್ಲ ಅನ್ನಿಸಿ ಇನ್ನೂ ಸಿಟ್ಟು ಬಂತು. ಕೆರೆಯ ಆಚೆ ದೊಡ್ಡದೊಂದು ತರವಾಡು, ತಾಯಿಯ ಕಡೆಯವರೆಲ್ಲ ಕೂಡಿ ಬಾಳುವ ಮನೆ. ಅವನು ಮುಂಬಾಗಿಲಿಗೆ ಹೋಗಲಿಲ್ಲ. ಪಕ್ಕದ ಬಾಗಿಲನ್ನು ತಾನೇ ತೆರೆದು ಒಳಗೆ ಹೋದ.

ಮೂಲೆಯ ಚಹಾದಂಗಡಿಯಲ್ಲಿ ಹಾಲಿಲ್ಲದ ಒಂದು ಸುಲೈಮಾನಿ ಚಹಾ ಹೇಳಿ, ಆ ಪಕ್ಕದ ಬಾಗಿಲು ಎಲ್ಲಿಗೆ ಎಂದು ಕೇಳಿದೆ. ಚಹಾದವನು ಲೋಟ ಎತ್ತಿ ಹುಯ್ಯುತ್ತಲೇ ಹೇಳಿದ: "ಅದು ಆ ಮನೆ ಅಳಿಯನ ಕೋಣೆ ಕಾಕಾ. ಅಳಿಯಂದಿರ ಸುಖ ಏನು ಕೇಳ್ತೀರಿ, ಮಂಚ ಅವರಿಗೆ, ಮೀನಿನ ನಡುತುಂಡು ಅವರಿಗೆ." ಈಗ ಒಳಗೆ ಹೋದವನು ದಿನಾ ಬರುತ್ತಾನೆಯೇ ಎಂದೆ. "ಬೀರಾನಾ? ಆರು ವರ್ಷದಲ್ಲಿ ಒಂದು ಸಂಜೆ ತಪ್ಪಿಸಿಲ್ಲ. ನಿಮಗೇನಾಗ್ಬೇಕು ಅವನು?" ಏನೂ ಆಗಬೇಕಿಲ್ಲ ಅಂದೆ. ಚಹಾ ಅರ್ಧಕ್ಕೇ ಬಿಟ್ಟೆ. ಬೇಪೂರಿಗೆ ಹೋಗಿ ಮಲಗಿ, ಬೆಳಿಗ್ಗೆ ಹಾಜಿಯವರಿಗೆ ಬೇಡ ಎಂದು ಹೇಳಿ ಹಡಗು ಹತ್ತಬಹುದಿತ್ತು. ಅದೇ ಸರಿ ಎಂದು ಎದ್ದೂ ಆಗಿತ್ತು. ಆದರೆ ಹಾಜರಾ ಕೇಳಿದರೆ ಏನು ಹೇಳಲಿ? ಬಾಗಿಲು ನೋಡಿದೆ, ಒಳಗೆ ನೋಡಲಿಲ್ಲ ಎನ್ನಲೇ?

ಹೋಗಿ ಬಾಗಿಲು ತಟ್ಟಿದೆ. ಪರದೆಯ ಹಿಂದಿನಿಂದ ವಯಸ್ಸಾದ ಹೆಂಗಸಿನ ದನಿ: "ಯಾರದು? ಈ ಮನೆಗೆ ಗಂಡಸರು ಕೆಮ್ಮಿಕೊಂಡು ಬರ್ತಾರೆ. ನಿಮ್ಮೂರಲ್ಲಿ ಆ ಪದ್ಧತಿ ಇಲ್ವಾ?" ಆಮೇಲೆ ತಿಳಿಯಿತು, ಆಕೆ ಆ ಮನೆಯ ಹಿರಿಯಾಕೆ ಕದೀಶುಮ್ಮ. ನಾನು ದ್ವೀಪದವನು, ಈಗ ಒಳಗೆ ಬಂದವನಿಗೆ ನನ್ನ ತಂಗಿಯ ಮಗಳನ್ನು ಕೇಳಿದ್ದಾರೆ, ಅವನು ಈ ಮನೆಯ ಅಳಿಯನೋ ಅಲ್ಲವೋ ಎಂದು ತಿಳಿಯಬೇಕು ಎಂದೆ. ಆಕೆ ಜೋರಾಗಿ ನಕ್ಕಳು. "ಬೀರಾನೇ, ನಿನಗೆ ಈ ಮನೇಲಿ ಹೆಂಡತಿ ಇದ್ದಾಳಂತೆ, ಯಾರು ಅಂತ ನೀನೇ ಹೇಳು! ಬನ್ನಿ ದ್ವೀಪದವರೇ, ನಮ್ಮ ಅಳಿಯ ಒಳಗಿದ್ದಾರೆ. ಎಂಬತ್ತು ವರ್ಷ. ಕಣ್ತುಂಬ ನೋಡ್ಕೊಳ್ಳಿ."

ಕೆತ್ತನೆಯ ದೊಡ್ಡ ಮಂಚದ ಮೇಲೆ ಒಬ್ಬ ಮುದುಕ ಮಲಗಿದ್ದ, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಇಸ್ತ್ರಿಯ ಅಂಗಿ ಗೂಟಕ್ಕೆ ನೇತಾಡುತ್ತಿತ್ತು. ಬೀರಾನ್ ಬನಿಯನ್ನಿನಲ್ಲಿ, ಒಂದು ಕೈಯಲ್ಲಿ ಮುದುಕನ ಬೆನ್ನು ಎತ್ತಿ ಹಿಡಿದು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ನನ್ನನ್ನು ನೋಡಿದ ಮೇಲೂ ಅವನ ಕೈ ನಿಲ್ಲಲಿಲ್ಲ. ಅದು ಅವನ ತಂದೆ ಇಂಬಿಚ್ಚಿಕೋಯ. ಬೀರಾನನ ತಾಯಿಗೆ ತಲಾಖ್ ಕೊಟ್ಟು ಈ ಮನೆಗೆ ಅಳಿಯನಾಗಿ ಬಂದವರು. ಇಲ್ಲಿ ಮಕ್ಕಳಾಗಲಿಲ್ಲ. ಕದೀಶುಮ್ಮನ ಅಕ್ಕನೇ ಆ ಹೆಂಡತಿ, ಅವಳು ತೀರಿಕೊಂಡು ಆರು ವರ್ಷ. ಇಂಬಿಚ್ಚಿಕೋಯರು ಹುಟ್ಟಿದ ತರವಾಡು ಪಾಲಾಗಿ ಮಾರಿಹೋಗಿದೆ, ಅಕ್ಕತಂಗಿಯರು ಯಾರೂ ಉಳಿದಿಲ್ಲ. ಬೀರಾನನ ತಾಯಿಯ ಮನೆಯವರು ಬಿಟ್ಟುಹೋದ ಗಂಡನನ್ನು ಒಳಗೆ ಸೇರಿಸುವುದಿಲ್ಲ, ಅದೂ ತಪ್ಪೆಂದು ಹೇಳುವಂತಿಲ್ಲ. ಈ ಮನೆಯವರು ದಯೆಯಿಂದ ಇಟ್ಟುಕೊಂಡಿದ್ದಾರೆ. ಆದರೆ ಎತ್ತಿ ಕೂರಿಸಲು ಗಂಡಸರಿಲ್ಲ, ಸಂಜೆಯಾದರೆ ಈ ಮನೆಯ ಗಂಡಸರೆಲ್ಲ ಅವರವರ ಹೆಂಡಿರ ಮನೆಗೆ ಹೋಗುತ್ತಾರೆ.

ಮುದುಕರ ನಾಲಿಗೆಗೆ ಏನೂ ಆಗಿಲ್ಲ. "ದ್ವೀಪದವನಾ? ಕೊಬ್ಬರಿ ಒಣಗಿಸಿ ತಂದ್ಯೋ, ಹಸೀದೇ ತಂದು ತೂಕ ಹೆಚ್ಚಿಸಿದ್ಯೋ?" ಎಂದರು. ಬೀರಾನ್ ಹಲ್ವವನ್ನು ಚಿಕ್ಕ ಚಿಕ್ಕ ಚೂರು ಮಾಡಿ ಬಾಯಿಗೆ ಇಡುತ್ತಿದ್ದ. ಅವರು ಅದನ್ನು ಚಪ್ಪರಿಸುತ್ತಾ ಹೇಳಿದ್ದನ್ನು ರಾತ್ರಿಯೆಲ್ಲ ನೆನೆಸಿಕೊಂಡೆ: "ಇಷ್ಟು ವರ್ಷ ಈ ಮನೇಲಿ ಉಂಡೆ. ಒಂದು ದಿನಾನೂ ಇನ್ನೊಂದು ಸೌಟು ಸಾರು ಹಾಕಿ ಅಂತ ಬಾಯ್ಬಿಟ್ಟು ಕೇಳಿಲ್ಲ. ಅಳಿಯ ಕೇಳಬಾರದಲ್ಲ. ಈಗ ನೋಡು, ಮಗ್ಗುಲು ತಿರುಗಿಸಿ ಅಂತ ಕೇಳ್ಬೇಕು." ಕದೀಶುಮ್ಮ ಪರದೆಯ ಆಚೆಯಿಂದ, "ಸಾರು ಕೇಳದೆ ಇದ್ದದ್ದು ನಿಮ್ಮ ಜಂಬ, ನಮ್ಮ ಜಿಪುಣತನ ಅಲ್ಲ" ಎಂದು ತಿರುಗಿಸಿ ಕೊಟ್ಟಳು. ಆಮೇಲೆ ದನಿ ಇಳಿಸಿ ನನಗೆ ಹೇಳಿದಳು, ಅವಳ ಮೊಮ್ಮಗಳ ಮದುವೆ ಮುಂದಿನ ತಿಂಗಳು. ಹೊಸ ಅಳಿಯನಿಗೆ ಈ ಕೋಣೆಯನ್ನೇ ಕೊಡಬೇಕು, ಮನೆಯಲ್ಲಿ ಬೇರೆ ಕೋಣೆ ಇಲ್ಲ. ಸುಣ್ಣ ಹೊಡೆಯುವವರು ಹದಿನೈದನೇ ತಾರೀಕು ಬರುತ್ತಾರೆ.

ಬೀರಾನನನ್ನು ಕೆರೆಯ ಹತ್ತಿರ ಕರೆದುಕೊಂಡು ಬಂದು ನೇರವಾಗಿ ಕೇಳಿದೆ, ಯಾಕೆ ಹೇಳಲಿಲ್ಲ? ಅವನು ನೀರು ನೋಡುತ್ತಾ ಹೇಳಿದ: "ಹೇಳಿದ್ರೆ ಬೇಡ ಅಂತೀರಿ. ಹೇಳದೆ ಮಾಡ್ಕೊಂಡ್ರೆ ಮೋಸ. ಹಡಗು ಹೊರಡೋದ್ರೊಳಗೆ ಹೇಳ್ಬೇಕು ಅಂತ ಮೂರು ದಿನದಿಂದ ನೋಡ್ತಿದ್ದೆ ಕಾಕಾ. ಬಾಪ್ಪಾನ ಬಿಟ್ಟು ನಾನು ದ್ವೀಪಕ್ಕೆ ಬರೋದಿಲ್ಲ. ಕೆಲಸ ಹೋದ್ರೂ ಸರಿ." ಹೇಳುತ್ತಿದ್ದನೋ ಇಲ್ಲವೋ, ಅದು ನನಗೆ ಗೊತ್ತಿಲ್ಲ, ಗೊತ್ತಿದೆಯೆಂದು ಬರೆಯುವುದಿಲ್ಲ. ಶಾಲೆಯವರು ಕೊಡುವ ಕೋಣೆಯಲ್ಲಿ ತಂದೆಯನ್ನು ಇಡಬಹುದೆಂದು ಅವನ ಯೋಚನೆ. ಹಾಗಾದರೆ ರಾತ್ರಿ ಅವನು ನಮ್ಮ ಮನೆಗೆ ಬಂದಾಗ ಮುದುಕರ ಬಾಯಿಗೆ ನೀರು ಬಿಡುವವರು ಯಾರು? ಅದನ್ನು ಕೇಳಿದೆ. ತಂದೆಗೆ ಊಟ ಮಾಡಿಸುವ ಹೊತ್ತಾಯಿತೆಂದು ಅವನು ಒಳಗೆ ಹೋದ. ಇವತ್ತು ಬೆಳಿಗ್ಗೆ ಹಾಜಿಯವರನ್ನೂ ಕೇಳಿದೆ, ನಿಮಗೆ ಗೊತ್ತಿತ್ತೇ ಎಂದು. "ಗೊತ್ತಿತ್ತು. ನೀವು ಕೇಳಲಿಲ್ಲ" ಅಂದರು. ಹಾಜಿಯವರ ಮೇಲೆ ನನಗೆ ಸಿಟ್ಟಿದೆ.

ಮಾತು ಇನ್ನೂ ಕೊಟ್ಟಿಲ್ಲ. ಮನೆ ನಿನ್ನದು, ಹುಡುಗಿ ನಿನ್ನ ಮಗಳು. ನಿನ್ನ ಉತ್ತರ ಬರುವವರೆಗೆ ಇಲ್ಲೇ ಮಂಡಿಯ ಮಹಡಿಯಲ್ಲಿರುತ್ತೇನೆ. ನಿನ್ನ ಅತ್ತಿಗೆಗೂ ಹೇಳಿಕಳಿಸು, ಅವಳ ಗಂಡ ಪೇಟೆಯಲ್ಲಿ ಕಳೆದುಹೋಗಿಲ್ಲ ಎಂದು. ಹಾಜರಾಳಿಗೆ ನನ್ನ ಆಶೀರ್ವಾದ. ಪಡೆದವನು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಣ್ಣ
ಆಟ್ಟಕೋಯ

ಮರೆತದ್ದು: ಚೆರಿಯಕೋಯ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮೇಲೆ ನೀನೊಬ್ಬಳೇ ಓದು ಎಂದು ಬರೆದೆ, ಅದು ಬೇಡ. ಹಾಜರಾಳಿಗೆ ಪೂರ್ತಿ ಓದಲು ಕೊಡು. ಸಂಜೆ ಹೊತ್ತು ಅವನು ಎಲ್ಲಿರುತ್ತಾನೆಂದು ನೋಡಿಕೊಂಡು ಬಾ ಎಂದಿದ್ದಳು, ನೋಡಿದ್ದೇನೆ. ಇನ್ನೊಂದು. ಅಲ್ಲಿಂದ ಏಳುವಾಗ ಮುದುಕರು ನನ್ನ ಕೈ ಹಿಡಿದು, "ನಿಮ್ಮನೇಲಿ ನನ್ನ ಏನಂತ ಕರೀತಾರೆ? ಅಳಿಯನ ಅಪ್ಪ ಅಂತಾನಾ? ಆ ನೆಂಟಸ್ತಿಕೆಗೆ ಕೋಣೆ ಇಟ್ಟಿರೋ ಮನೆ ನಾನು ಎಲ್ಲೂ ನೋಡಿಲ್ಲ" ಅಂದರು. ನಿನ್ನ ಮನೆಯ ಪಡುವಣ ಕೋಣೆಯನ್ನು ನನಗೆ ವಯಸ್ಸಾದಾಗ ಇರಲಿ ಎಂದು ನೀನು ಖಾಲಿ ಇಟ್ಟಿರುವುದು ನನಗೆ ಗೊತ್ತು, ನೀನು ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದರೂ. ಹಾಜರಾ ಒಪ್ಪಿದರೆ ಅದನ್ನು ಅವರಿಗೆ ಕೊಡು. ನಾನು ಹೊರಜಗಲಿಯಲ್ಲಿ ಮಲಗುತ್ತೇನೆ, ನನಗೆ ನೀನಿದ್ದೀಯ. ಇದೇ ಹಡಗು ಬುಧವಾರ ಬೇಪೂರಿಗೆ ಮರಳುತ್ತದೆ, ಉತ್ತರ ಅದರಲ್ಲಿ ಬರಲಿ. ಬೇಡವೆಂದರೆ ನಾನೊಬ್ಬನೇ ಹತ್ತುತ್ತೇನೆ. ಆಗಲಿ ಎಂದರೆ ಮೂವರು. ಹಾಗಿದ್ದರೆ ಮುದುಕರನ್ನು ಹಡಗಿನಿಂದ ಇಳಿಸಿಕೊಳ್ಳಲು ದೋಣಿಯಲ್ಲಿ ಕೈಕುರ್ಚಿಯೊಂದನ್ನು ಇಟ್ಟು ನಾಲ್ಕು ಜನ ಗಟ್ಟಿಗರನ್ನು ಕಳಿಸು. ಕೊನೆಯ ಹಡಗು ಶುಕ್ರವಾರ ಮಧ್ಯಾಹ್ನ ಹೊರಡುತ್ತದೆ.