ಮಾವನವರ ಹಲ್ಲು

ನವೆಂಬರ್ ೧೪, ರಾತ್ರಿ

ನಮ್ಮ ಬ್ಲಡ್ ಬ್ಯಾಂಕಿಗೆ ರಕ್ತ ಕೊಡಲು ಬಂದ ಮಾವನವರನ್ನು ಇವತ್ತು ನಾನೇ ವಾಪಸ್ ಕಳಿಸಿದೆ. ಅದೂ ಅವರೇ ಕರೆತಂದ ವಾಕಿಂಗ್ ಗೆಳೆಯರ ಎದುರು!

ಬಾಗಿಲು ಹಾಕಿಕೊಂಡು, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಅವರಿಗೂ ಕೇಳಿದ್ದೆ. ಕೆಲವು ತೀರಾ ಖಾಸಗಿ ಪ್ರಶ್ನೆ ಕೇಳುವಾಗ ಇಬ್ಬರೂ ಫ್ಯಾನ್ ನೋಡಿದೆವು. "ಇತ್ತೀಚೆಗೆ ಹಲ್ಲು ಕೀಳಿಸಿದ್ದೀರಾ?" ಅಂದೆ.

"ಮೊನ್ನೆ. ನಿಮ್ಮತ್ತೆಗೆ ಹೇಳ್ಬೇಡಮ್ಮ, ಚಾಕಲೇಟು ನಿಲ್ಲಿಸಿಬಿಡ್ತಾಳೆ."

ಬಾಯಿಯ ಗಾಯದ ಸೋಂಕು ರಕ್ತದ ಜೊತೆ ರೋಗಿಗೂ ದಾಟಬಹುದು. ಬೇಡ ಅಂದೆ. ಅವರ ಮುಖ ಸಪ್ಪಗಾಯಿತು. ಊಟಕ್ಕೆ ಕೂತಾಗಲೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಗೆಳೆಯರ ಮುಂದೆ ಅವಮಾನ ಮಾಡಿದೆನೇನೋ ಅನ್ನಿಸಿತು.

ಈಗ ಹಾಲ್‌ನಲ್ಲಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ: "ಮಾವ ಅನ್ನೋ ದಾಕ್ಷಿಣ್ಯಾನೇ ಇಲ್ಲ ಕಣಯ್ಯಾ ಅವಳಿಗೆ! ಒಂದು ಹಲ್ಲಿಗೆ ನನ್ನನ್ನೇ ಬಿಡಲಿಲ್ಲ ಅಂದ್ರೆ ನೋಡು. ರಕ್ತ ಬೇಕಾದ್ರೆ ಕಣ್ಮುಚ್ಕೊಂಡು ಅಲ್ಲಿಗೇ ಹೋಗು."

ಎಷ್ಟು ಜಂಬ! ಮನಸ್ಸು ಹಗುರಾಯಿತು.

ಅಡುಗೆಮನೆಯಿಂದ ಅತ್ತೆ: "ರೀ, ಯಾವ ಹಲ್ಲು?"

ನಾನಂತೂ ಹೇಳಿರಲಿಲ್ಲಪ್ಪ. ದೀಪ ಆರಿಸಿಬಿಡುವುದೇ ಒಳ್ಳೆಯದು.